ಮಾರೆಮ್ಮನ ಎಂಟು ಡಬ್ಬಿ

ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಬಳೆ ಅಂಗಡಿಯ ಮೇಲಂತಸ್ತಿನಲ್ಲಿದ್ದ ಹಂಪಕ್ಕನ ಮನೆಗೆ ಭಾನುವಾರ ಬಂತೆಂದರೆ ಕರೂರು ಬರುತ್ತಿತ್ತು. ಕರೂರು ಅವಳ ತವರು, ಸಿರುಗುಪ್ಪದ ಆಚೆಗಿನ ಗದ್ದೆಗಳ ಊರು. ಊರಿಗೆ ಊರೇ ಬಸ್ಸು ಹತ್ತುವುದು ಆಗದ ಮಾತು ಅಂತ ಅವಳ ತಮ್ಮ ರಾಮಪ್ಪನ ಹೆಂಡತಿ ಮಾರೆಮ್ಮ ಅದನ್ನು ಎರಡು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಮುಂಜಾನೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಒಂದರಲ್ಲಿ ಹುಳಿ ಸೊಪ್ಪಿನ ಪುಂಡಿಪಲ್ಯ ಇದ್ದೇ ಇರುತ್ತಿತ್ತು. ಇನ್ನೊಂದರಲ್ಲಿ ಗುರೆಳ್ಳು ಪುಡಿಯೋ, ಮಜ್ಜಿಗೆ ಮೆಣಸಿನಕಾಯಿಯೋ, ಹೊಸ ಅಕ್ಕಿಯೋ, ಆ ವಾರ ಮಾರೆಮ್ಮನ ಕೈಗೆ ಸಿಕ್ಕಿದ್ದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಸರು: ಮಾರೆಮ್ಮ ರಾಮಪ್ಪ, ಕರೂರು.

ಡಬ್ಬಿ ತುಂಬಿ ಬಂದ ಮೇಲೆ ತುಂಬಿಯೇ ಹೋಗಬೇಕು. ಇದು ಎರಡೂ ಮನೆಗಳ ಕಟ್ಟಳೆ. ಮುಂದಿನ ಭಾನುವಾರ ಅವೇ ಡಬ್ಬಿಗಳಲ್ಲಿ ಹಂಪಕ್ಕ ಪೇಟೆಯ ಖಾರಾ ಸೇವು, ಬೂಂದಿ, ಬಾಲುಷಾ ತುಂಬಿ ಕಳಿಸುತ್ತಿದ್ದಳು. ಕೊರೊನಾ ಕಾಲದಲ್ಲಿ ಮಿಠಾಯಿ ಅಂಗಡಿ ಎಲ್ಲ ಮುಚ್ಚಿದಾಗ ಒಂದು ಡಬ್ಬಿಯಲ್ಲಿ ನಾಲ್ಕು ಹಿಡಿ ಸಕ್ಕರೆ, ಇನ್ನೊಂದರಲ್ಲಿ ರಾಮಪ್ಪನ ಬಿಪಿ ಗುಳಿಗೆ, ಒಂದು ಸೋಪು ಇಟ್ಟು ಕಳಿಸಿದ್ದಳಂತೆ. ಸೋಪಿನ ವಾಸನೆ ಆ ಡಬ್ಬಿಯಿಂದ ಆರು ತಿಂಗಳು ಹೋಗಲಿಲ್ಲ ಅಂತ ಮಾರೆಮ್ಮ ಇಂದಿಗೂ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ ಬಿಡಿ, ಖಾಲಿಯಂತೂ ಹೋಗಲಿಲ್ಲ.

ಇಂಥ ನೆಟ್ಟಗಿನ ಸಂಸಾರದೊಳಗೆ ಕಲೆ ಬಂತು.

ತಂದವಳು ಸೊಸೆ ಗೌತಮಿ. ಕುರುಗೋಡಿನವಳು, ಖಾಸಗಿ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರು. ಹದಿನಾಲ್ಕು ವರ್ಷದಿಂದ ಅವಳು ಬರೆದದ್ದೆಂದರೆ ಜೀರ್ಣಾಂಗವ್ಯೂಹದ ಚಾರ್ಟು, ವಾರ್ಷಿಕೋತ್ಸವದ ಬ್ಯಾನರು, ಮತ್ತೆ ಯಾರಾದರೂ ಸಾಹೇಬರು ಬಂದರೆ ಬಾಗಿಲಲ್ಲಿ ರಂಗೋಲಿ. ಆ ವರ್ಷ ಚಳಿಗಾಲಕ್ಕೆ ಊರಿನ ನಾಲ್ಕು ಮಂದಿ ಕಲಾವಿದರು ಸೇರಿ, ಮುಚ್ಚಿಹೋಗಿದ್ದ ಹತ್ತಿಯ ಗೋಡೌನೊಂದನ್ನು ಹಿಡಿದು, ಬಳ್ಳಾರಿಗೂ ಸುತ್ತಲಿನ ಹಳ್ಳಿಗಳಿಗೂ ಇರುವ ಸಂಬಂಧದ ಮೇಲೆ ಹದಿನೈದು ದಿನದ ಪ್ರದರ್ಶನ ಮಾಡುವುದೆಂದು ನಿಶ್ಚಯಿಸಿದರು. ಅವರ ಮುಂದಾಳು ಚನ್ನಬಸವರಾಜ ಅನ್ನುವವನು ಗೌತಮಿಗೂ ಒಂದು ಮೂಲೆ ಕೊಟ್ಟ. ಅವತ್ತು ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಾವ ಉಚ್ಚೆಂಗೆಪ್ಪ, ಭಾಳ ಚೊಲೋ ಆಗೇತಿ ಅಂತ ಎರಡು ಸಲ ಹಾಕಿಸಿಕೊಂಡು ಉಂಡ.

ಉಚ್ಚೆಂಗೆಪ್ಪನ ಸ್ವಭಾವವೇ ಹಾಗೆ. ಮೂವತ್ತು ವರ್ಷ ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ಹಾಕಿದವನು. ರೈತ ಒಂದು ಕಡೆ, ದಲಾಲಿ ಒಂದು ಕಡೆ ಒದರುವಾಗ ಇಬ್ಬರಿಗೂ ಹೂಂ ಅಂದು ಬದುಕಿದವನು. ನಿವೃತ್ತಿಯಾದ ಮೇಲೆ ಅದೇ ಹೂಂ ಅನ್ನು ಮನೆಗೆ ತಂದಿದ್ದ.

ಮೊದಲೆರಡು ಭಾನುವಾರ ಗೌತಮಿ ಬಣ್ಣದ ಚೀಲ ಹಿಡಿದು ಕುರುಗೋಡಿಗೆ ಹೋಗಿ ಬಂಡೆಗಳನ್ನು ಬರೆದು ತಂದಳು. ಹಂಪಕ್ಕ ಕನ್ನಡಕ ಹಾಕಿಕೊಂಡು ನೋಡಿ, ಬಂಡೆ ಚೊಲೋ ಅದಾವು, ಆದರೆ ಬಂಡೆಗೂ ಬಳ್ಳಾರಿಗೂ ಏನು ಸಂಬಂಧ ಅಂತ ಕೇಳಿದಳು. ಗೌತಮಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅತ್ತೆಯ ಮಾತು ಖರೆ ಇದ್ದದ್ದಕ್ಕೆ. ಆ ಸಿಟ್ಟಿನಲ್ಲೇ ಪಾತ್ರೆ ತಿಕ್ಕಲು ಕುಳಿತಳು. ಕೈಗೆ ಮಾರೆಮ್ಮನ ಡಬ್ಬಿ ಬಂತು, ಮುಚ್ಚಳದ ಮೇಲಿನ ಹೆಸರು ಕಣ್ಣಿಗೆ ಬಿತ್ತು, ಮತ್ತು ಅವಳು ನಲ್ಲಿ ಬಂದ್ ಮಾಡುವುದನ್ನೂ ಮರೆತು ಹಾಗೆಯೇ ಕುಳಿತುಬಿಟ್ಟಳು. ಊರಿಂದ ಪೇಟೆಗೆ, ಪೇಟೆಯಿಂದ ಊರಿಗೆ ಇಪ್ಪತ್ತು ವರ್ಷದಿಂದ ತಿರುಗುತ್ತಿದ್ದ ವಸ್ತು ಕೈಯಲ್ಲೇ ಇತ್ತು.

ಅವಳು ಮಾವನನ್ನು ಕೇಳಿದಳು. ಕರೂರಿನ ಡಬ್ಬಿ ಎಂಟಾದರೂ ಬೇಕು, ಪ್ರದರ್ಶನ ಮುಗಿಯುವವರೆಗೆ ವಾಪಸ್ ಕಳಿಸುವುದು ಬೇಡ, ಅತ್ತೆಗೆ ಹೇಳಿ ಒಪ್ಪಿಸಿ ಅಂದಳು. ಉಚ್ಚೆಂಗೆಪ್ಪ ಹೂಂ ಅಂದ.

ಡಬ್ಬಿಗಳನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸುವುದು ಅವನದೇ ಕೆಲಸ. ಹೆಂಡತಿಗೆ ಹೇಳಿದರೆ ಆಕೆ ಒಲ್ಲೆ ಅನ್ನುತ್ತಾಳೆ, ಸೊಸೆಗೆ ಒಲ್ಲೆ ಅಂದರೆ ಆಕೆ ಅಳುತ್ತಾಳೆ. ಆದ್ದರಿಂದ ಅವನು ಯಾರಿಗೂ ನೋವಾಗದ ದಾರಿ ಹುಡುಕಿದ. ಹಂಪಕ್ಕ ತುಂಬಿ ಕೊಟ್ಟ ಡಬ್ಬಿಗಳನ್ನು ಹಿಡಿದು ಮನೆಯಿಂದ ಹೊರಡುವುದು. ದಾರಿಯಲ್ಲಿ ಗೋಡೌನಿನ ಕಟ್ಟೆಯ ಮೇಲೆ ಕುಳಿತು ಸೇವು, ಬೂಂದಿಗಳನ್ನು ಎರಡು ಪ್ಲಾಸ್ಟಿಕ್ ಕವರಿಗೆ ಸುರಿಯುವುದು. ಕವರು ಕಂಡಕ್ಟರನಿಗೆ, ಡಬ್ಬಿ ಸೊಸೆಗೆ. ತಿನ್ನುವ ಪದಾರ್ಥವಂತೂ ಕರೂರು ಮುಟ್ಟುತ್ತದಲ್ಲ, ತೂಕದಲ್ಲಿ ಒಂದು ಗ್ರಾಮೂ ಕಡಿಮೆ ಇಲ್ಲ. ಮೂವತ್ತು ವರ್ಷ ತೂಕ ಹಾಕಿದವನ ಲೆಕ್ಕ ಇದು. ನಾಲ್ಕು ಭಾನುವಾರ ಹೀಗೆ ನಡೆಯಿತು, ಗೌತಮಿಗೆ ಎಂಟು ಡಬ್ಬಿ ಸಿಕ್ಕವು, ಉಚ್ಚೆಂಗೆಪ್ಪ ತನ್ನ ಜಾಣತನಕ್ಕೆ ತಾನೇ ಮೆಚ್ಚಿ ವಾರವಾರವೂ ಒಂದು ಪ್ಲೇಟು ಮಿರ್ಚಿ ತಿಂದು ಮನೆಗೆ ಬಂದ.

ಮೂರನೆಯ ವಾರ ಕರೂರಿನಿಂದ ಮುಚ್ಚಳ ಹಾಳಾದ ಡಬ್ಬಿಯೊಂದು ಬಂತು. ನಾಲ್ಕನೆಯ ವಾರ ಗುರೆಳ್ಳು ಪುಡಿ ಹಿಟ್ಟಿನ ಹಳೆಯ ಡಬ್ಬಿಯಲ್ಲಿ ಬಂತು. ಮಾರೆಮ್ಮ ಈಚೆಗೆ ಮೈಗಳ್ಳಿ ಆಗ್ಯಾಳ ಅಂದಳು ಹಂಪಕ್ಕ. ಐದನೆಯ ಭಾನುವಾರ ಉಚ್ಚೆಂಗೆಪ್ಪ ಬಸ್ ಸ್ಟ್ಯಾಂಡಿನಿಂದ ಕೈ ಬೀಸಿಕೊಂಡು ಬಂದ. ಏನೂ ಬಂದಿರಲಿಲ್ಲ.

ಆ ದಿನ ಮನೆಯಲ್ಲಿ ರೊಟ್ಟಿಗೆ ಪಲ್ಯ ಇರಲಿಲ್ಲ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಮಗ ಹುಲುಗೇಶ, ಪುಂಡಿಪಲ್ಯ ಎಲ್ಲಿ ಅಂತ ಕೇಳಿ ಬೈಸಿಕೊಂಡ. ಹಂಪಕ್ಕ ಫೋನು ಹಚ್ಚಿದಳು. ಮಾರೆಮ್ಮ ಮಾಮೂಲಿನಂತೆ ಮೊದಲು ಬೈಯಬೇಕಿತ್ತು, ಆಮೇಲೆ ನಗಬೇಕಿತ್ತು. ಎರಡೂ ಮಾಡಲಿಲ್ಲ.

"ಆರಾಮ ಅದೀವ್ರಿ ಅಕ್ಕಾರ. ನೀವು ಆರಾಮ ಅದೀರೇನ್ರಿ?"

ಮಾರೆಮ್ಮ ಕರೂರಿನ ಮನೆಗೆ ಸೊಸೆಯಾಗಿ ಬಂದಂದಿನಿಂದ ಹಂಪಕ್ಕನನ್ನು ಏಕವಚನ ಬಿಟ್ಟು ಕರೆದವಳೇ ಅಲ್ಲ. ಇಂಥವಳು ಮರ್ಯಾದೆ ಕೊಡುತ್ತಾಳೆಂದರೆ ಮನೆ ಮುರಿಯಿತು ಅಂತಲೇ ಅರ್ಥ. ಏನಾಗೇತಿ ಹೇಳು ಅಂದರೆ, ನಮಗೇನಾಗಬೇಕ್ರಿ, ನೀವು ದೊಡ್ಡ ಊರಿನವರು ಅಂದಳು. ಅಷ್ಟಕ್ಕೇ ಫೋನು ಇಟ್ಟಳು.

ಅದರ ಮೇಲೆ ಬರೆ ಎಳೆದದ್ದು ಮೊಮ್ಮಗಳು ಚೈತ್ರಾ. ಎಂಟನೆಯ ತರಗತಿಯ ಹುಡುಗಿ, ಅಪ್ಪನ ಮೊಬೈಲಿನಲ್ಲಿ ಎಲ್ಲರ ಸ್ಟೇಟಸ್ಸೂ ನೋಡುವವಳು. ಸಂಜೆ ಬಂದು, ಜ್ಯೋತಿ ಚಿಗವ್ವಗ ಗಂಡು ಗೊತ್ತಾಗೇತಂತ ಅಂತ ಫೋಟೋ ತೋರಿಸಿದಳು. ಜ್ಯೋತಿ ಅಂದರೆ ರಾಮಪ್ಪನ ಒಬ್ಬಳೇ ಮಗಳು. ಸಿರುಗುಪ್ಪದ ಬೀಗರ ಮನೆಯ ಪಡಸಾಲೆ, ಜಮಖಾನೆ, ತಟ್ಟೆಯಲ್ಲಿ ಎಲೆ ಅಡಿಕೆ, ಸುತ್ತ ಕುಳಿತ ಮಂದಿ. ಹಂಪಕ್ಕ ಕನ್ನಡಕ ಒರೆಸಿ ಒರೆಸಿ ನೋಡಿದಳು. ಎಲ್ಲರೂ ಇದ್ದರು. ತೆಕ್ಕಲಕೋಟೆಯಲ್ಲಿರುವ ರಾಮಪ್ಪನ ದೂರದ ಷಡ್ಡಕನೂ ಇದ್ದ. ಸೋದರತ್ತೆ ಇರಲಿಲ್ಲ. ಸೋದರತ್ತೆಗೆ ಸುದ್ದಿಯೂ ಇರಲಿಲ್ಲ.

ಹುಡುಗಿ ಹುಟ್ಟಿದಾಗ ಹೆಸರು ಕರೆದವಳು ಇವಳು. ನಿಶ್ಚಯಕ್ಕೆ ಮೊದಲ ಕುಂಕುಮ ಹಚ್ಚಬೇಕಾದವಳೂ ಇವಳೇ. ಇನ್ನು ಹನ್ನೊಂದು ದಿನಕ್ಕೆ ನಿಶ್ಚಯವಂತೆ, ಅದನ್ನೂ ಫೋಟೋದ ಕೆಳಗಿನ ಅಕ್ಷರ ಹೇಳಬೇಕಾಯಿತು. ಹಂಪಕ್ಕನಿಗೆ ಅಳು ಒತ್ತಿ ಬಂತು. ಅತ್ತರೆ ಎಲ್ಲರೂ ಸಮಾಧಾನ ಮಾಡಲು ಬರುತ್ತಾರೆ ಅಂತ ಅಳುವ ಬದಲು ಗಂಡನನ್ನು ಬೈದಳು. ಅವನು ಯಾಕೆ ಅಂತಲೂ ಕೇಳದೆ ಬೈಸಿಕೊಂಡ. ಅಪರಾಧಿಯ ಲಕ್ಷಣ ಅದು, ಆಕೆಗೆ ಆಗ ಹೊಳೆಯಲಿಲ್ಲ.

ಮರುದಿನ ಹೊಳೆಯಿತು. ಅವರು ಕರೆಯದಿದ್ದರೂ ಗಂಡು ಗೊತ್ತಾದದ್ದಕ್ಕೆ ಸಿಹಿ ಕಳಿಸಬೇಕು ಅಂತ ಹಂಪಕ್ಕ ಕರೂರಿನ ಡಬ್ಬಿ ಹುಡುಕಿದಳು. ಅಡುಗೆಮನೆಯ ಮಾಡದಲ್ಲಿಲ್ಲ, ಅಟ್ಟದ ಮೇಲಿಲ್ಲ, ಮಂಚದ ಕೆಳಗಿಲ್ಲ. ಮುಚ್ಚಳ ಹಾಳಾದದ್ದೂ ಇಲ್ಲ. ವಿಚಾರಣೆ ಶುರುವಾಯಿತು. ಉಚ್ಚೆಂಗೆಪ್ಪ ಆಗಷ್ಟೇ ಚಹಾದಲ್ಲಿ ಬ್ರೆಡ್ಡು ಅದ್ದಿದ್ದ.

"ಡಬ್ಬಿ ಎಲ್ಲಿ ಅದಾವ್ರಿ?"

"ಗೌತಮಿ ಕೇಳಿದ್ಲು, ಕೊಟ್ಟೆ."

"ಹಂಗಾರ ನಾಕು ವಾರ ಬೂಂದಿ ಯಾತರಾಗ ಕಳ್ಸಿದ್ರಿ?"

ಬ್ರೆಡ್ಡು ಚಹಾದೊಳಗೆ ಬಿತ್ತು. ಅವನು ಅದನ್ನು ಬೆರಳಿನಿಂದ ಹುಡುಕುತ್ತ, ಕವರಿನಾಗ ಅಂದ.

ಹಂಪಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಇದು ಹೊರಗಿನವರಿಗೆ ತಿಳಿಯುವಂಥದ್ದಲ್ಲ, ಆದ್ದರಿಂದ ಹೇಳಬೇಕು. ಡಬ್ಬಿ ಹೋದರೆ ಡಬ್ಬಿ ಬರುತ್ತದೆ. ಒಬ್ಬರ ಡಬ್ಬಿ ಇನ್ನೊಬ್ಬರ ಮನೆಯಲ್ಲಿ ಇರುವ ತನಕ ಕೊಡುವುದು ತರುವುದು ನಡೆದೇ ಇರುತ್ತದೆ. ಕವರಿನಲ್ಲಿ ಕಳಿಸುವುದೆಂದರೆ, ತಿಂದು ಬಿಸಾಕಿರಿ, ವಾಪಸ್ ಏನೂ ಕಳಿಸಬೇಡಿರಿ, ನಮ್ಮದು ನಿಮ್ಮದು ಮುಗಿಯಿತು ಅಂದ ಹಾಗೆ. ಮನೆಕೆಲಸ ಬಿಟ್ಟು ಹೋಗುವವಳಿಗೆ ಕವರಿನಲ್ಲಿ ಕೊಡುತ್ತಾರೆ, ಹಾದಿಹೋಕರಿಗೆ ಕವರಿನಲ್ಲಿ ಕೊಡುತ್ತಾರೆ. ಮಾರೆಮ್ಮ ಒಂದು ವಾರ ಕಾದಿದ್ದಾಳೆ, ಎರಡು ವಾರ ಕಾದಿದ್ದಾಳೆ. ಮನೆಯಲ್ಲಿದ್ದ ಡಬ್ಬಿ ಮುಗಿಯುವ ತನಕ, ಹಿಟ್ಟಿನ ಡಬ್ಬಿ ತೊಳೆಯುವ ತನಕ ಕಳಿಸಿದ್ದಾಳೆ. ಆಮೇಲೆ ಆಕೆ ಮಾಡಬೇಕಾದದ್ದನ್ನೇ ಮಾಡಿದ್ದಾಳೆ.

ಆ ರಾತ್ರಿ ಒಲೆ ಹೊತ್ತಲಿಲ್ಲ. ಹುಲುಗೇಶ ಪೇಟೆಯಿಂದ ಇಡ್ಲಿ ಕಟ್ಟಿಸಿಕೊಂಡು ಬಂದ. ಅದೂ ಕವರಿನಲ್ಲೇ ಬಂತು, ಹಂಪಕ್ಕ ಅದನ್ನು ನೋಡಿದ ನೋಟಕ್ಕೆ ಯಾರ ಗಂಟಲಲ್ಲೂ ಇಡ್ಲಿ ಇಳಿಯಲಿಲ್ಲ. ಸ್ಟೀಲ್ ಅಂಗಡಿಗೆ ಹೋಗಿ ಹೊಸ ಡಬ್ಬಿ ಎಂಟು ತಂದುಬಿಡುತ್ತೇನೆ ಅಂತ ಹುಲುಗೇಶ ದಾರಿ ತೋರಿಸಿದ. ಮಾರೆಮ್ಮನ ಹೆಸರಿನ ಡಬ್ಬಿ ಯಾವ ಅಂಗಡ್ಯಾಗ ಮಾರ್ತಾರಲೇ ಅಂದಳು ತಾಯಿ. ಅವನು ನಾಳೆಯ ಪಾಳಿಯ ನೆಪ ಹೇಳಿ ಗೋಡೆ ಕಡೆ ತಿರುಗಿ ಮಲಗಿದ.

ಅತ್ತೆ ಒಪ್ಪಿದ್ದಾಳೆ ಅಂತಲೇ ಗೌತಮಿ ತಿಳಿದಿದ್ದಳು.

"ಊರಿಂದ ಪ್ಯಾಟಿಗಿ ಏನ್ ಬರ್ತತಿ, ಪ್ಯಾಟಿಯಿಂದ ಊರಿಗಿ ಏನ್ ಹೋಗ್ತತಿ, ಅದನ್ನ ಮಂದಿಗಿ ತೋರಸ್ಬೇಕಂತ ಮಾಡಿದ್ದೆ ಅತ್ತಿ."

"ತೋರ್ಸಾಕ ಹೋಗಿ ಬರೋದು ಹೋಗೋದು ಎಲ್ಲಾ ನಿಂದ್ರಿಸಿದ್ಯಲ್ಲವ್ವ."

ಶುಕ್ರವಾರ ಪ್ರದರ್ಶನ ಶುರುವಾಗುವುದಿತ್ತು, ಆದರೂ ನಾಳೆಯೇ ಎಲ್ಲ ಬಿಚ್ಚಿ ತರುತ್ತೇನೆ ಅಂದಳು ಗೌತಮಿ. ಅಂದು ಒಳಗೆ ಹೋಗಿ ಬ್ಯಾಗಿನಿಂದ ಅಚ್ಚು ಮಾಡಿಸಿದ ಆಮಂತ್ರಣ ತೆಗೆದು, ಇನ್ನು ಇದು ಯಾಕೆ ಬೇಕು ಅಂತ ಕಸದ ಬುಟ್ಟಿಯ ಮೇಲಿಟ್ಟಳು. ಹಂಪಕ್ಕ ಮಲಗುವ ಮುಂಚೆ ಅದನ್ನು ಎತ್ತಿ ಓದಿದಳು. ಐದು ಹೆಸರುಗಳಲ್ಲಿ ನಾಲ್ಕು ಗಂಡಸರವು. ಐದನೆಯದು ಗೌತಮಿ ಹುಲುಗೇಶ, ಕುರುಗೋಡು. ಮದುವೆ ಪತ್ರಿಕೆ ಬಿಟ್ಟರೆ ಈ ಹುಡುಗಿಯ ಹೆಸರು ಎಲ್ಲೂ ಅಚ್ಚಾದದ್ದು ಹಂಪಕ್ಕ ಕಂಡಿರಲಿಲ್ಲ. ಮುಂಜಾನೆ ಅವಳು, ಡಬ್ಬಿ ಬಿಚ್ಚಬ್ಯಾಡ, ಕರೂರಿಗೆ ನಾನೇ ಹೋಗಿ ಬರ್ತೀನಿ ಅಂದಳು. ಹೇಳುವಾಗ ಸೊಸೆಯ ಮುಖ ನೋಡಲಿಲ್ಲ. ನೋಡಿದ್ದರೆ ತಾನು ಮೆತ್ತಗಾದದ್ದು ಗೊತ್ತಾಗುತ್ತಿತ್ತು.

ಕರೂರಿನಲ್ಲಿ ಮಾರೆಮ್ಮ ಅವಳನ್ನು ಕುರ್ಚಿಯ ಮೇಲೆ ಕೂರಿಸಿದಳು. ತವರಿನಲ್ಲಿ ಕುರ್ಚಿ! ಹಂಪಕ್ಕ ಹುಟ್ಟಿದ ಮನೆ ಅದು, ಅಡುಗೆಮನೆಯ ಗೋಡೆಗೆ ಒರಗಿ ಕಾಲು ಚಾಚಿ ಕೂತು ಬೆಳೆದ ಮನೆ. ಚಹಾ ಗಾಜಿನ ಲೋಟದಲ್ಲಿ, ತಟ್ಟೆಯ ಮೇಲೆ ಬಂತು. ರಾಮಪ್ಪ ಗದ್ದೆಗೆ ನೀರು ಬಿಡಬೇಕು ಅಂತ ಹೊರಗೆ ಜಾರಿದ. ಹಂಪಕ್ಕ ತಂದಿದ್ದ ಹೊಸ ಡಬ್ಬಿಯ ಮೈಸೂರುಪಾಕನ್ನು ಮಾರೆಮ್ಮ ಎರಡೂ ಕೈಯಿಂದ ತೆಗೆದುಕೊಂಡಳು, ಮುಚ್ಚಳ ತೆರೆಯಲಿಲ್ಲ.

ಹಂಪಕ್ಕ ಎಲ್ಲ ಹೇಳಿದಳು. ಗಂಡನ ತೂಕದ ಬುದ್ಧಿಯನ್ನೂ ಮುಚ್ಚಿಡಲಿಲ್ಲ. ಆದರೆ ಕಲೆಯ ವಿಷಯಕ್ಕೆ ಬಂದಾಗ ನಾಲಿಗೆ ತಡವರಿಸಿತು. ನಿಮ್ಮ ಡಬ್ಬಿಗಳನ್ನು ತಂತಿಗೆ ಕಟ್ಟಿ ತೂಗು ಹಾಕ್ಯಾರ, ಮಂದಿ ಬಂದು ನೋಡ್ತಾರ ಅಂದಳು. ಹೇಳುತ್ತಿದ್ದಂತೆ ಇದು ಸುಳ್ಳಿನ ಹಾಗೆ ಕೇಳುತ್ತಿದೆ ಅಂತ ಅವಳಿಗೇ ಅನ್ನಿಸಿತು. ಮಾರೆಮ್ಮ ಎಲ್ಲವನ್ನೂ ಕೇಳಿ, ಪಲ್ಯದ ಡಬ್ಬಿ ನೋಡಾಕ ಬಳ್ಳಾರಿ ಮಂದಿಗೆ ಕೆಲಸ ಇಲ್ಲೇನ್ರಿ ಅಂದಳು. ಜ್ಯೋತಿಯ ಸುದ್ದಿ ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಹೊರಡುವಾಗ ಮಾತ್ರ ಮಾರೆಮ್ಮ, ಭಾನುವಾರ ನಾನೇ ಬಂದು ನೋಡ್ತೀನ್ರಿ ಅಂದಳು. ಅದು ನಂಬಿಕೆಯೋ ಬೆದರಿಕೆಯೋ ಹಂಪಕ್ಕನಿಗೆ ಬಸ್ಸು ಸಿರುಗುಪ್ಪ ದಾಟಿದರೂ ತಿಳಿಯಲಿಲ್ಲ.

ಭಾನುವಾರ ಕರೂರಿನ ಬಸ್ಸಿನಿಂದ ರಾಮಪ್ಪ ಇಳಿದ, ಮಾರೆಮ್ಮ ಇಳಿದಳು, ಸಾಕ್ಷಿಗೆ ಅಂತ ಅವರ ಓಣಿಯ ಇಬ್ಬರು ಹೆಂಗಸರೂ ಇಳಿದರು. ಮಾರೆಮ್ಮನ ಕೈಯಲ್ಲಿ ಭಾರದ ಚೀಲ. ಉಚ್ಚೆಂಗೆಪ್ಪ ಹಿಡಿಯಲು ಹೋದರೆ ಕೊಡಲಿಲ್ಲ. ಅವನ ಕೈಗೆ ಇನ್ನು ಯಾರೂ ಏನೂ ಕೊಡುವಂತಿರಲಿಲ್ಲ.

ಗೋಡೌನು ತುಂಬ ಜನ. ಗೌತಮಿಯ ಮೂಲೆಯ ಮುಂದೆ ಎಲ್ಲಕ್ಕಿಂತ ಹೆಚ್ಚು. ಮೇಲಿನ ಜಂತಿಯಿಂದ ಇಳಿಬಿಟ್ಟ ಎಂಟು ತಂತಿ, ತಂತಿಗೊಂದು ಡಬ್ಬಿ, ಒಳಗೊಂದು ಸಣ್ಣ ಬಲ್ಬು, ಪಕ್ಕದಲ್ಲಿ ಮುಚ್ಚಳ. ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ರಾಮಪ್ಪ ಒಂದೊಂದು ಮುಚ್ಚಳವನ್ನೂ ಓದಿ, ನನ್ನ ಹೆಸರೈತಿ, ಇದರಾಗೂ ನನ್ನ ಹೆಸರೈತಿ ಅಂತ ಹೆಂಡತಿಯ ಸಿಟ್ಟು ಮರೆತು ಹಿಗ್ಗಿದ. ಚನ್ನಬಸವರಾಜ ಕೈಕಟ್ಟಿ ನಿಂತು, ಇವು ಖಾಲಿ ಇರುವುದರಲ್ಲೇ ಅರ್ಥ ಇದೆ, ನಗರ ಹಳ್ಳಿಯನ್ನು ಬರಿದು ಮಾಡಿದೆ ಅಂತ ಯಾರಿಗೋ ವಿವರಿಸುತ್ತಿದ್ದ.

"ಬರಿದು ಮಾಡಾಕ ಇವರ್ಯಾರು? ನಾನು ತುಂಬಿ ಕಳ್ಸಿದ್ದೆ," ಅಂದಳು ಮಾರೆಮ್ಮ, ಅವನಿಗೆ ಕೇಳಿಸುವ ಹಾಗೆಯೇ.

ಅವಳು ಹತ್ತಿರ ಹೋಗಿ ಒಂದು ಡಬ್ಬಿಗೆ ಕೈ ಚಾಚಿದಳು. ಪಕ್ಕದ ಕಂಬದಲ್ಲಿ ಒಂದು ಬೋರ್ಡು ಇತ್ತು. ಅಲ್ಲಿ ನಿಂತಿದ್ದ ಕಾಲೇಜು ಹುಡುಗಿ ಮೆಲ್ಲಗೆ ಆ ಬೋರ್ಡು ತೋರಿಸಿದಳು. ಮಾರೆಮ್ಮನಿಗೆ ಓದಲು ಬಾರದು. ಏನು ಬರೆದಾರ ಅಂತ ಚೈತ್ರಾಳನ್ನು ಕೇಳಿದಳು. ಚೈತ್ರಾ ಓದಿದಳು: ದಯವಿಟ್ಟು ಮುಟ್ಟಬೇಡಿ.

ಮಾರೆಮ್ಮ ಚಾಚಿದ ಕೈ ಹಿಂದಕ್ಕೆ ತೆಗೆದಳು.

"ಮುಟ್ಟಬ್ಯಾಡ್ರಿ ಅನ್ನೋ ಮಾತು ಕೇಳಿ ಭಾಳ ವರ್ಷ ಆಗಿತ್ತು."

ಆ ಬೋರ್ಡು ಗೌತಮಿಯೇ ಬರೆದದ್ದು. ಎಲ್ಲರ ಮುಂದೆಯೂ ಇತ್ತು, ಅವಳೂ ಚೆಂದದ ಅಕ್ಷರದಲ್ಲಿ ಬರೆದು ಹಚ್ಚಿದ್ದಳು, ಅಷ್ಟೇ. ಹಂಪಕ್ಕ ಸೊಸೆಯ ಹತ್ತಿರ ಬಂದಳು. ಬೈಯಲಿಲ್ಲ. ದನಿ ಮಾತ್ರ ಒಡೆದಿತ್ತು.

"ನಮ್ಮವ್ವ ಗೌಡ್ರ ಮನಿ ಹಿತ್ತಲಾಗ ಖಾಲಿ ಬೋಗಾಣಿ ಹಿಡ್ಕೊಂಡು ನಿಂದ್ರತಿದ್ಲು ಗೌತಮಿ. ಅವರು ಮುಟ್ಟದಂಗ ಮ್ಯಾಲಿಂದ ಸುರೀತಿದ್ರು. ನಾನು ಸೆರಗು ಹಿಡ್ಕೊಂಡು ನಿಂತು ನೋಡೀನಿ. ನಮ್ಮ ಮನ್ಯಾಗಿಂದ ಖಾಲಿ ಡಬ್ಬಿ ಹೊಸ್ಲಿ ದಾಟಬಾರದು ಅಂದಾಕಿ ಅಕೀನ. ನೀ ಎಂಟು ಖಾಲಿ ಡಬ್ಬಿ ಬಾಯಿ ತಗದು ಊರ ಮುಂದ ತೂಗಿ ಹಾಕಿದ್ದೀ."

ಗೌತಮಿ ಹೋಗಿ ಬೋರ್ಡು ಕಿತ್ತಳು. ಎಲ್ಲಿ ಇಡಬೇಕೋ ತಿಳಿಯದೆ ನಿಂತಾಗ ಉಚ್ಚೆಂಗೆಪ್ಪ ಅದನ್ನು ಇಸಿದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಆಮೇಲೆ ಅವಳು ಸ್ಟೂಲು ಹತ್ತಿ ಮೊದಲ ಡಬ್ಬಿಯನ್ನು ಬಿಚ್ಚಿ, ಬಲ್ಬು ತೆಗೆದು, ಎರಡೂ ಕೈಯಿಂದ ಮಾರೆಮ್ಮನಿಗೆ ಕೊಟ್ಟಳು. ತಪ್ಪಾತ್ರಿ ಚಿಗವ್ವ ಅಂದಳು. ಚನ್ನಬಸವರಾಜ ಏನೋ ಹೇಳಲು ಬಾಯಿ ತೆರೆದವನು ಹುಲುಗೇಶನ ಮುಖ ನೋಡಿ ಮುಚ್ಚಿದ.

ಮಾರೆಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದಳು, ಮೂಗಿಗೆ ಹಿಡಿದಳು, ಸೆರಗಿನಿಂದ ಒರೆಸಿದಳು. ತಿರುಗಿ ಹಂಪಕ್ಕನ ಮೇಲೆ ಬಿದ್ದಳು.

"ಯಕ್ಕಾ, ನಿನಗ ಬುದ್ಧಿ ಐತೇನು? ಕವರಿನಾಗ ಬೂಂದಿ ಬಂದಾಗ ನಾನು ಎರಡು ದಿನ ಉಂಡಿಲ್ಲ. ಫೋನ್ ಮಾಡಿ, ಯಾಕಲೇ ಡಬ್ಬಿ ಕಮ್ಮಿ ಬಂದಾವು ಅಂತ ಒಂದು ಮಾತು ಕೇಳಾಕ ನಿನಗೇನ್ ಧಾಡಿ ಆಗಿತ್ತು?"

ಹಂಪಕ್ಕನ ಮೈಮೇಲಿಂದ ಒಂದು ಮೂಟೆ ಇಳಿಸಿದಂತಾಯಿತು. ಅವಳು ಬೈಸಿಕೊಳ್ಳುತ್ತ ನಿಂತಳು. ಸಾಲದು, ಇನ್ನೂ ಬೈಯಲಿ ಅಂತ ಅನ್ನಿಸುತ್ತಿತ್ತು. ನಾನು ಕೇಳಲಿಲ್ಲ, ನೀನಾದರೂ ಕೇಳಬಾರದಿತ್ತೇನು ಅಂತ ತಾನೂ ನಾಲ್ಕು ಮಾತು ಸೇರಿಸಿದಳು. ಪ್ರದರ್ಶನಕ್ಕೆ ಬಂದ ಮಂದಿ ಇದೂ ಪ್ರದರ್ಶನದ ಭಾಗ ಅಂತ ತಿಳಿದು ಸುತ್ತ ಗುಂಪುಗೂಡಿದರು. ಒಬ್ಬಿಬ್ಬರು ವಿಡಿಯೋ ಹಚ್ಚಿದರು.

ಮಾರೆಮ್ಮ ಚೀಲ ಬಿಚ್ಚಿದಳು. ಹೊಸ ಅಕ್ಕಿ, ಒಂದು ಕಾಯಿ, ಖಣ, ಎಲೆ ಅಡಿಕೆ, ಕುಂಕುಮದ ಭರಣಿ. ಮನೆಯ ಮಗಳನ್ನು ಶುಭಕಾರ್ಯಕ್ಕೆ ಕರೆಯಬೇಕಾದರೆ ಆ ಮನೆಯಲ್ಲಿ ಉಡಿ ತುಂಬಿಯೇ ಕರೆಯುತ್ತಿದ್ದರು. ಇವನ್ನೆಲ್ಲ ತಂದಿದ್ದೀಯಲ್ಲ, ಹಂಗಾರ ಮೊದಲೇ ಕರೀಬೇಕಂತ ಇತ್ತೇನು ಅಂತ ಹಂಪಕ್ಕ ಕೇಳಿದಳು. ಮಾರೆಮ್ಮ ಮುಚ್ಚುಮರೆ ಮಾಡಲಿಲ್ಲ. ನೀ ಹೇಳಿದ್ದು ಸುಳ್ಳಾಗಿದ್ದರೆ ಹಂಗೇ ವಾಪಸ್ ಒಯ್ಯಾಕಂತ ತಂದಿದ್ದೆ ಅಂದಳು.

ಗೌತಮಿ ಹತ್ತಿದ್ದ ಸ್ಟೂಲನ್ನೇ ನಡುವೆ ಹಾಕಿ ಹಂಪಕ್ಕನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಮಾರೆಮ್ಮ ಅಕ್ಕಿಯನ್ನು ತನ್ನ ಡಬ್ಬಿಗೆ ಸುರಿದುಕೊಂಡು, ಕುಂಕುಮ ಹಚ್ಚಿ, ಒಡ್ಡಿದ ಸೆರಗಿಗೆ ಐದು ಹಿಡಿ ಅಕ್ಕಿ ಹಾಕಿದಳು. ಕಾಯಿ ಇಟ್ಟಳು, ಖಣ ಇಟ್ಟಳು. ಗುರುವಾರ ಜ್ಯೋತಿಯ ನಿಶ್ಚಯ, ನೀ ಎರಡು ದಿನ ಮೊದಲೇ ಬಾ, ನೀ ಕುಂಕುಮ ಹಚ್ಚದ ಹೊರತು ಆ ಹುಡುಗಿ ಹಸೆ ಮೇಲೆ ಕುಂದ್ರಂಗಿಲ್ಲಂತ ಅಂದಳು. ಹಂಪಕ್ಕ ಹೂಂ ಅಂತ ತಲೆ ಆಡಿಸಿದಳು.

ಉಡಿಯಿಂದ ಒಂದು ಹಿಡಿ ಅಕ್ಕಿಯನ್ನು ಹಾಕಿದವರಿಗೆ ವಾಪಸ್ ಕೊಡುವುದು ಪದ್ಧತಿ. ಹಂಪಕ್ಕ ಹಿಡಿ ತುಂಬ ತೆಗೆದು ಮಾರೆಮ್ಮನ ಡಬ್ಬಿಗೆ ಹಾಕಿದಳು. ಹಾಕಿ ಏಳಲು ಹೋದವಳು ಸುತ್ತ ನೋಡಿದಳು. ಮಂದಿಯ ಹಿಂದೆ, ಬರಿದಾದ ತಂತಿಯನ್ನು ಹಿಡಿದುಕೊಂಡು ಗೌತಮಿ ನಿಂತಿದ್ದಳು. ಹದಿನಾಲ್ಕು ವರ್ಷಕ್ಕೆ ಒಮ್ಮೆ ಮಾಡಿದ ಕೆಲಸ, ಅದೂ ಬಿಚ್ಚಿ ಹೋಗತೊಡಗಿತ್ತು. ಚೂಡಿದಾರದ ತೋಳಿಗೆ ಮೂಗು ಒರೆಸಿಕೊಳ್ಳುತ್ತಿದ್ದಳು.

"ಬಾ ಇಲ್ಲಿ. ಕುಂದ್ರು," ಅಂದಳು ಹಂಪಕ್ಕ, ಸ್ಟೂಲು ಬಿಟ್ಟು ಎದ್ದು.

ನನಗ್ಯಾಕ ಅತ್ತಿ, ಸೀರೆ ಬ್ಯಾರೆ ಇಲ್ಲ ಅಂತ ಗೌತಮಿ ಹಿಂದೆ ಸರಿದಳು. ವೇಲು ಒಡ್ಡು ಅಂದಳು ಮಾರೆಮ್ಮ, ಡಬ್ಬಿ ಕಂಕುಳಲ್ಲಿ ಇರುಕಿಕೊಂಡು, ರಟ್ಟೆ ಹಿಡಿದು ಕೂರಿಸುತ್ತ. ಈ ಮನೆಯ ಸೊಸೆಯನ್ನು ಬಿಟ್ಟು ಅತ್ತೆಯೊಬ್ಬಳೇ ನಿಶ್ಚಯಕ್ಕೆ ಬಂದರೆ ಬೀಗರು ಏನಂದಾರು ಅಂತ ಕೇಳಿದಳು.

ಗೌತಮಿ ಬಣ್ಣದ ಕಲೆಯಾದ ವೇಲು ಒಡ್ಡಿದಳು. ಹಂಪಕ್ಕ ತನ್ನ ಉಡಿಯೊಳಗೆ ಕೈ ಹಾಕಿ, ಅಮ್ಮನ ಮನೆಯ ಅಕ್ಕಿಯನ್ನು ಹಿಡಿ ಹಿಡಿಯಾಗಿ ತೆಗೆದು ಸೊಸೆಯ ಉಡಿಗೆ ಹಾಕಿದಳು. ಒಂದು, ಎರಡು, ಮೂರು. ನಾಲ್ಕನೆಯ ಹಿಡಿಗೆ ಗೌತಮಿಗೆ ತಡೆಯಲಾಗಲಿಲ್ಲ, ತಲೆ ಬಗ್ಗಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಹಂಪಕ್ಕ ಐದನೆಯ ಹಿಡಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಸೊಸೆಯ ಗದ್ದ ಎತ್ತಿದಳು.

"ಅಳಬ್ಯಾಡ, ಸುಮ್ನಿರು. ಅಕ್ಕಿ ತೊಯ್ತಾವು."